ಮೋಸರ್ ಕ್ರಮದ ಏರು ತಾಲೀಮು: ನಂದಿಯಲ್ಲಿ ನಾನು ಮಾಡಿದ್ದು

ಸೈಕಲ್ಲಿನಲ್ಲಿ ಏರು ಹತ್ತುವಾಗ ಭಾರದ ಗೇರ್ ಹಾಕಿ ನಿಧಾನವಾಗಿ ತುಳಿದರೆ ಮೊಣಕಾಲು ಹೋಗುತ್ತೆ, ವೇಗ ಬರಲ್ಲ ಅಂದವರೇ ಈಗ ನನ್ನ ಗೇರ್ ಲೆಕ್ಕ ಕೇಳುತ್ತಿದ್ದಾರೆ. 20 ಕಿ.ಮೀ. ಟೈಮ್ ಟ್ರಯಲ್ (ಗಡಿಯಾರದ ವಿರುದ್ಧ ಒಬ್ಬರೇ ತುಳಿಯುವ ರೇಸ್) 34 ನಿಮಿಷದಿಂದ 32ರ ಆಸುಪಾಸಿಗೆ ಇಳಿದಿದೆ.

ಇಟಲಿಯ ಸೈಕಲ್ ಸವಾರ ಫ್ರಾನ್ಸೆಸ್ಕೊ ಮೋಸರ್ 1984ರ ಜನವರಿಯಲ್ಲಿ ಮೆಕ್ಸಿಕೊ ಸಿಟಿಯಲ್ಲಿ ಒಂದು ಗಂಟೆಯಲ್ಲಿ ಅತಿ ಹೆಚ್ಚು ದೂರ ತುಳಿದ ದಾಖಲೆಯನ್ನು ನಾಲ್ಕು ದಿನಗಳ ಅಂತರದಲ್ಲಿ ಎರಡು ಸಲ ಬರೆದರು: 50.808, ಆಮೇಲೆ 51.151 ಕಿ.ಮೀ. ಬೆಲ್ಜಿಯಂನ ಎಡಿ ಮರ್ಕ್ಸ್ ಅವರ 49.431 ಕಿ.ಮೀ. 1972ರಿಂದ ಅಲುಗಾಡಿರಲಿಲ್ಲ. ಪ್ಯಾರಿಸ್–ರೂಬೇ ರೇಸ್ ಮೂರು ಸಲ ಗೆದ್ದ ಮೋಸರ್‌ಗೆ ಆಗ 32 ವಯಸ್ಸು; ಅದೇ ವರ್ಷ ಮಿಲಾನ್–ಸ್ಯಾನ್ ರೆಮೊ, ಇಟಲಿ ಸುತ್ತುವ ಜಿರೊ ರೇಸ್ ಎರಡನ್ನೂ ಗೆದ್ದರು. ಆ ತಯಾರಿಯಲ್ಲಿ ರಕ್ತ ಮರುಪೂರಣವೂ (ದೇಹಕ್ಕೆ ರಕ್ತ ಏರಿಸಿಕೊಳ್ಳುವುದು) ಇತ್ತು. ಆಗ ಅದಕ್ಕೆ ನಿಷೇಧ ಇರಲಿಲ್ಲ, ಮುಂದೆ ಅವರೇ ಒಪ್ಪಿಕೊಂಡರು. ಎಲ್ಲ ರಕ್ತದ್ದೇ ಮಹಿಮೆ ಅನ್ನುವವರು ಅದೇ ತಯಾರಿಯ ಏರು ತಾಲೀಮನ್ನು ಮರೆಯುತ್ತಾರೆ. ನನಗೆ ಬೇಕಾದದ್ದು ಅದೊಂದೇ.

ನಂದಿಯ ಕೆಳಭಾಗದ 5–6% ಏರು ಸಾಕು. ಮೇಲಿನ ಕಡಿದಾದ ತಿರುವುಗಳಲ್ಲಿ ಈ ಕೆಲಸ ಕೆಡುತ್ತದೆ: ಕ್ಯಾಡೆನ್ಸ್ (ನಿಮಿಷಕ್ಕೆ ಪೆಡಲ್ ತಿರುಗುವ ಸುತ್ತು) 35ಕ್ಕೆ ಬೀಳುತ್ತದೆ, ಭುಜ ಎಳೆಯಲು ಶುರುಮಾಡುತ್ತದೆ, ತೊಡೆಗೆ ಸೇರಬೇಕಾದ ಭಾರ ಸೊಂಟಕ್ಕೆ ಹೋಗುತ್ತದೆ. ಮುಂದೆ 50, ಹಿಂದೆ 19 ಹಲ್ಲಿನ ಗೇರ್ ಚಕ್ರ, ಕ್ಯಾಡೆನ್ಸ್ 40–45, ಸೀಟು ಬಿಟ್ಟು ಏಳಬಾರದು. ಬಾರ್ ಮೇಲೆ ಬೆರಳು ಸುಮ್ಮನೆ ಕೂತಿರಬೇಕು, ಹಿಡಿತ ಬಿಗಿಯಾಯಿತೆಂದರೆ ಗೇರ್ ಭಾರ. ಆಗ ಹಿಂದಿನದನ್ನು 21 ಹಲ್ಲಿಗೆ ಬದಲಿಸಿ. 3 ನಿಮಿಷದ ಐದು ಸುತ್ತಿನಿಂದ ಶುರು, ನಿಧಾನಕ್ಕೆ 5 ನಿಮಿಷಕ್ಕೆ. ನಡುವೆ ಅಷ್ಟೇ ಹೊತ್ತು ಬಿಡುವು. ಹಾರ್ಟ್ ರೇಟ್ ಥ್ರೆಶೋಲ್ಡ್‌ಗಿಂತ (ಸುಮಾರು ಒಂದು ಗಂಟೆ ತಡೆಯಬಹುದಾದ ಗರಿಷ್ಠ ಶ್ರಮದ ಗಡಿ) ಹತ್ತು-ಹದಿನೈದು ಕೆಳಗೇ ಇರಲಿ. ದಣಿಯಬೇಕಾದದ್ದು ಕಾಲು, ಉಸಿರಲ್ಲ. ವಾರಕ್ಕೆ ಎರಡು ದಿನ, ಮೂರನೆಯದು ಬೇಡವೇ ಬೇಡ.

ಮಂಡಿಯ ಮುಂಭಾಗ ನೋವಾದರೆ ಹೆಚ್ಚಾಗಿ ಸೀಟು ತಗ್ಗಿರುತ್ತದೆ, 3–4 ಮಿ.ಮೀ. ಎತ್ತಿ ನೋಡಿ. ಹಿಂಭಾಗ ನೋವಾದರೆ ಉಲ್ಟಾ. ಏರು ಮುಗಿದ ಮೇಲೆ ಸಮತಟ್ಟಿನಲ್ಲಿ ಹಗುರ ಗೇರ್‌ನಲ್ಲಿ ಕ್ಯಾಡೆನ್ಸ್ 100ರ ಮೇಲೆ ಹದಿನೈದು ನಿಮಿಷ ತುಳಿಯದಿದ್ದರೆ ಕಾಲು ಮರದ ಕೊರಡೇ. ಇದನ್ನು ಬಿಟ್ಟವರೇ ಈ ಪದ್ಧತಿ ಕೆಲಸ ಮಾಡಲ್ಲ ಅನ್ನುವುದು. ರೇಸ್‌ಗೆ ಮುಂಚಿನ ಹತ್ತು ದಿನ ಈ ತಾಲೀಮನ್ನು ಹೇಗೆ ಜೋಡಿಸಬೇಕು ಅನ್ನುವುದನ್ನು ಮಾತ್ರ ನನ್ನ ಜೊತೆ ಬೆಟ್ಟಕ್ಕೆ ಬರುವವರಿಗೇ ಹೇಳುವುದು.

ಖರ್ಚು? ತುಳಿತದ ಬಲ ಅಳೆಯುವ ಪವರ್ ಮೀಟರ್‌ಗೆ ನಲವತ್ತು-ಐವತ್ತು ಸಾವಿರ ಸುರಿಯಬೇಕಿಲ್ಲ. ಕ್ಯಾಡೆನ್ಸ್ ಸೆನ್ಸರ್, ಹಾರ್ಟ್ ರೇಟ್ ತೋರಿಸುವ ಎದೆಪಟ್ಟಿ ಸೇರಿ ಐದಾರು ಸಾವಿರ. ಚೈನ್ ಮಾತ್ರ ಬೇಗ ಹಿಗ್ಗುತ್ತದೆ, ಚೈನ್ ಅಳತೆ ಸಾಧನ 0.5% ಹಿಗ್ಗು ತೋರಿಸಿದ ಕೂಡಲೇ ಬದಲಿಸಿ, ಇಲ್ಲವಾದರೆ ಕ್ಯಾಸೆಟ್ (ಹಿಂದಿನ ಗೇರ್ ಚಕ್ರಗಳ ಗುಚ್ಛ) ದಂಡ.

ಮೋಸರ್ ಬಳಸಿದ ಡಿಸ್ಕ್ ಚಕ್ರ (ಕಡ್ಡಿ ಕಾಣದ ಮುಚ್ಚಿದ ಚಕ್ರ) ನೋಡಿ ಹಿಂದಿನ ಚಕ್ರಕ್ಕೆ ತೆಳು ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಕಟ್ಟಿದ್ದೂ ಇದೆ. ಅಂದಾಜು ಆರುನೂರು ರೂಪಾಯಿ. ಅಂಚು ರಿಮ್‌ನ ಬ್ರೇಕ್ ಪಟ್ಟಿಯಿಂದ 5 ಮಿ.ಮೀ. ಒಳಗಿರಲಿ, ವಾಲ್ವ್‌ಗೆ ಕಿಂಡಿ ಬಿಡಿ. ಮುಂದಿನ ಚಕ್ರಕ್ಕೆ ಕಟ್ಟಬೇಡಿ. ಅಡ್ಡಗಾಳಿ ಹ್ಯಾಂಡಲ್ಲನ್ನೇ ತಿರುಗಿಸಿಬಿಡುತ್ತದೆ.