ಬೀಜ ಒಣಗಿಲ್ಲ, ದಾರಿ ಕಟ್ಟಿದೆ: ಗಂಡುಕುದುರೆಯ ವೀರ್ಯಕ್ಕೆ ಎಎಲ್‌ಪಿ ಪರೀಕ್ಷೆ, ನನ್ನ ಅನುಭವ

ವೀರ್ಯದಲ್ಲಿ ವೀರ್ಯಾಣುವೇ ಇಲ್ಲ ಎಂದು ವರದಿ ಬಂದಿದ್ದ ಮಾರ್ವಾಡಿ ಗಂಡುಕುದುರೆಯಿಂದ ಈಗ ಪ್ರತಿ ಸೀಸನ್‌ಗೆ ಹತ್ತು ಹನ್ನೆರಡು ಹೆಣ್ಣುಕುದುರೆಗಳು ಗಬ್ಬ ಕಟ್ಟುತ್ತಿವೆ. ಬೀಜ ತೆಗೆಸಿ ಸವಾರಿಗೆ ಹಾಕಿ ಎಂದವರೇ ಹೆಚ್ಚು. ನಾಲ್ಕು ಲಕ್ಷದ ಆಸುಪಾಸಿನ ಕುದುರೆ ಸವಾರಿಗೆ ಹೋದರೆ ಒಂದು ಲಕ್ಷವೂ ಹುಟ್ಟುವುದಿಲ್ಲ. ಅದನ್ನು ಉಳಿಸಿದ್ದು ಮನುಷ್ಯರ ಲಿವರ್ ನೋಡಲು ಮಾಡುವ ಇನ್ನೂರು ರೂಪಾಯಿಯ ಎಎಲ್‌ಪಿ, ಅಂದರೆ ಆಲ್ಕಲೈನ್ ಫಾಸ್ಫಟೇಸ್. ಗಂಡುಕುದುರೆಯ ವೀರ್ಯದಲ್ಲಿ ಈ ಕಿಣ್ವ ಬಹುಪಾಲು ವೃಷಣ ಮತ್ತು ಎಪಿಡಿಡಿಮಿಸ್ (ವೃಷಣಕ್ಕೆ ಅಂಟಿಕೊಂಡು ವೀರ್ಯಾಣು ಕೂಡಿಡುವ ಕೊಳವೆ) ಕಡೆಯಿಂದ ಬರುತ್ತದೆ. ಹಾಗಾಗಿ ವೀರ್ಯಾಣು ಕಾಣದಿದ್ದರೂ, ಅಲ್ಲಿಂದ ದ್ರವ ಹೊರಗೆ ಬಂದಿದೆಯೋ ಇಲ್ಲವೋ ಎಂದು ಇದೊಂದೇ ಹೇಳಿಬಿಡುತ್ತದೆ.

ಸಂಗ್ರಹ ನಿಮಗೆಲ್ಲ ಗೊತ್ತಿರುವುದೇ. ಕೃತಕ ಯೋನಿಯ ಒಳಗೆ 45ರಿಂದ 48 ಡಿಗ್ರಿ, ವೀರ್ಯದ ಜೆಲ್ ಭಾಗ ತಡೆಯಲು ಫಿಲ್ಟರ್, ಬೆಚ್ಚಗಿನ ಬಾಟಲಿ. ಈ ಪರೀಕ್ಷೆಗೆ ಮಾತ್ರ ಇನ್ನೊಂದು ಮಾದರಿ ಬೇಕು: ಹತ್ತುವ ಮೊದಲು, ಹೆಣ್ಣನ್ನು ಕಂಡಾಗ ಶಿಶ್ನದ ತುದಿಯಿಂದ ತೊಟ್ಟಿಕ್ಕುವ ತಿಳಿನೀರು. ಅದರಲ್ಲಿ ಎಎಲ್‌ಪಿ ಕಡಿಮೆ. ಎರಡನ್ನೂ ಪಕ್ಕಪಕ್ಕ ಹಚ್ಚಿದರೆ ಎಎಲ್‌ಪಿ ಅಳೆಯುವ ಯಂತ್ರ ಸರಿಯಿದೆಯೇ ಎಂಬುದೂ ತಿಳಿಯುತ್ತದೆ. ವೀರ್ಯವನ್ನು ಸೆಂಟ್ರಿಫ್ಯೂಜ್‌ನಲ್ಲಿ ಹತ್ತು ನಿಮಿಷ ತಿರುಗಿಸಿ ಮೇಲಿನ ತಿಳಿ ಪ್ಲಾಸ್ಮಾ ತೆಗೆದುಕೊಳ್ಳಿ. ಟ್ಯೂಬ್ ಕೆಂಪು ಮುಚ್ಚಳದ್ದೇ ಆಗಬೇಕು. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್‌ಗೆ ಹಾಕಿದರೆ ಕೆಲಸ ಕೆಟ್ಟಿತು. ಎಎಲ್‌ಪಿ ನಿಂತಿರುವುದೇ ಜಿಂಕ್ ಮತ್ತು ಮೆಗ್ನೀಸಿಯಂ ಮೇಲೆ. ಇಡಿಟಿಎ ಎರಡನ್ನೂ ಕಿತ್ತುಕೊಳ್ಳುತ್ತದೆ. ಸಿಟ್ರೇಟ್ ಕೂಡ ಬೇಡ. ಫಾಸ್ಫೇಟ್ ಬಫರ್‌ನಲ್ಲಿ ದುರ್ಬಲಗೊಳಿಸುವುದೂ ಬೇಡ, ಫಾಸ್ಫೇಟ್ ಈ ಕಿಣ್ವವನ್ನು ತಡೆಯುತ್ತದೆ. ನಾರ್ಮಲ್ ಸಲೈನ್ ಸಾಕು.

ಎಲ್ಲರೂ ಎಡವುವುದು ಲ್ಯಾಬ್‌ನಲ್ಲಿ. ಮೊದಲು ಕೊಟ್ಟ ಕಡೆ ಪ್ಲಾಸ್ಮಾವನ್ನು ರಕ್ತದ ಸೀರಮ್ ಹಾಗೆಯೇ ನೇರವಾಗಿ ಹಾಕಿ 40 ಯೂನಿಟ್ ಎಂದು ಬರೆದುಕೊಟ್ಟರು. ಇನ್ನೊಂದು ಕಡೆ ವೀರ್ಯ ಎಂದ ಕೂಡಲೇ ಯಂತ್ರ ಮುಟ್ಟಲು ಬಿಡಲಿಲ್ಲ. ಹಾಗೆ ಬಂದ 40 ನಂಬುವಂತಿಲ್ಲ. ದಾರಿ ಕಟ್ಟಿರದ ಕುದುರೆಯ ವೀರ್ಯದಲ್ಲಿ ಎಎಲ್‌ಪಿ ಲೀಟರಿಗೆ ಸಾವಿರಗಳಲ್ಲಿ, ಎಷ್ಟೋ ಸಲ ಹತ್ತಾರು ಸಾವಿರಗಳಲ್ಲಿ ಇರುತ್ತದೆ. ಪರೀಕ್ಷೆಯ ಕಿಟ್ ಮಾಡಿರುವುದು ಕೆಲವು ನೂರರ ಲೆಕ್ಕಕ್ಕೆ. ನೇರವಾಗಿ ಹಾಕಿದರೆ ಯಂತ್ರ ಓದಲು ಶುರುಮಾಡುವ ಮೊದಲೇ ಕಿಣ್ವ ಸಬ್‌ಸ್ಟ್ರೇಟನ್ನೆಲ್ಲ (ಕಿಣ್ವ ಒಡೆದಾಗ ಹಳದಿಯಾಗುವ ಕಿಟ್‌ನ ವಸ್ತು) ತಿಂದು ಮುಗಿಸಿರುತ್ತದೆ. ಆಮೇಲೆ ನಿಮಿಷ ನಿಮಿಷಕ್ಕೂ ಬಣ್ಣ ಏರುವುದಿಲ್ಲ. ಬಣ್ಣ ಏರದಿದ್ದರೆ ಕಿಣ್ವ ಇಲ್ಲ ಎಂದು ಯಂತ್ರ ಲೆಕ್ಕ ಹಾಕುತ್ತದೆ. ವರದಿ ನಂಬಬೇಡಿ, ಯಂತ್ರಕ್ಕೆ ಹಾಕುವ ಪಾರದರ್ಶಕ ಕೊಳವೆ ಕ್ಯುವೆಟ್ ನೋಡಿ: ಕಣ್ಣಿಗೆ ಗಾಢ ಹಳದಿ ಕಾಣುತ್ತಿದ್ದು ಅಂಕಿ ಮಾತ್ರ ಸಣ್ಣದಿದ್ದರೆ ಮಾದರಿಯನ್ನು ದುರ್ಬಲಗೊಳಿಸಿಲ್ಲ ಎಂದೇ ಅರ್ಥ.

ನಾನು ಮಾಡುವುದು ಹೀಗೆ. 10 ಮೈಕ್ರೋಲೀಟರ್ ಪ್ಲಾಸ್ಮಾಕ್ಕೆ 990 ಮೈಕ್ರೋಲೀಟರ್ ಸಲೈನ್, ಅಂದರೆ ನೂರು ಪಟ್ಟು. ಅದರಿಂದ 20 ಮೈಕ್ರೋಲೀಟರ್ ತೆಗೆದು 1 ಮಿಲಿ ರೀಏಜೆಂಟ್‌ಗೆ. 37 ಡಿಗ್ರಿ, 405 ನ್ಯಾನೋಮೀಟರ್, ಮೊದಲ ನಿಮಿಷ ಬಿಟ್ಟು ಮುಂದಿನ ಮೂರು ನಿಮಿಷದ ಏರಿಕೆಯ ಸರಾಸರಿ. ಬಂದ ಅಂಕಿಗೆ ನೂರರಿಂದ ಗುಣಿಸಿ. 180 ಬಂದರೆ 18,000. ಅದೇ ಮಾದರಿಯನ್ನು ಐವತ್ತು ಪಟ್ಟಿನಲ್ಲೂ ನಡೆಸಿ. ಗುಣಿಸಿದಾಗ ಎರಡೂ ಹತ್ತಿರ ಹತ್ತಿರ ಬಂದರೆ ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ತೊಟ್ಟಿಕ್ಕಿದ ತಿಳಿನೀರನ್ನು ಮಾತ್ರ ನೇರವಾಗಿಯೇ ನಡೆಸಬೇಕು. ಕಿಟ್ ಬದಲಿಸಿದಾಗ ಬಫರ್ ಎಎಂಪಿಯೋ ಡಿಇಎಯೋ ಎಂದು ಪೆಟ್ಟಿಗೆಯ ಮೇಲೆ ಓದಿ. ಡಿಇಎಯಲ್ಲಿ ಅಂಕಿ ಎತ್ತರಕ್ಕೆ ಹೋಗುತ್ತದೆ, ಎರಡನ್ನೂ ಹೋಲಿಸಿದರೆ ಕುದುರೆ ಸುಧಾರಿಸಿತು ಎಂಬ ಭ್ರಮೆ ಬರುತ್ತದೆ.

ಈ ಗುಂಗಿನಲ್ಲಿ ಹಾಲನ್ನೂ ಪರೀಕ್ಷಿಸಿದ್ದುಂಟು. ನಮ್ಮ ಎಕ್ಸ್‌ಟೆಂಡರ್, ಅಂದರೆ ವೀರ್ಯ ಕೆಡದಂತೆ ಬೆರೆಸುವ ದ್ರಾವಣ, ಕೆನೆರಹಿತ ಹಾಲಿನ ಪುಡಿಯದ್ದು, ಅದರಿಂದಲೇ ಎಎಲ್‌ಪಿ ಬರುತ್ತಿದೆಯೇ ಎಂಬ ಅನುಮಾನ. ಕರೆದ ಹಸಿ ಹಾಲು ಒಳ್ಳೆ ಹಳದಿ ಕೊಟ್ಟಿತು. ನಂದಿನಿ ಪ್ಯಾಕೆಟ್ ಹಾಲು, ಹಾಲಿನ ಪುಡಿ ಎರಡೂ ಏನೂ ಕೊಡಲಿಲ್ಲ. ಪಾಶ್ಚರೀಕರಣಕ್ಕೆ ಈ ಕಿಣ್ವ ಸಾಯುತ್ತದೆ, ಡೈರಿಗಳು ಹಾಲು ಸರಿಯಾಗಿ ಕಾದಿದೆಯೇ ಎಂದು ನೋಡುವುದೂ ಇದರಿಂದಲೇ. ಆದರೂ ಎಕ್ಸ್‌ಟೆಂಡರ್ ಬೆರೆಸುವ ಮೊದಲೇ ಮಾದರಿ ತೆಗೆದಿಡುವುದು ಲೇಸು.

ಅಂಕಿ ಕೈಗೆ ಬಂದ ಮೇಲೆ ನಿರ್ಧಾರ ಸುಲಭ. ವೀರ್ಯಾಣು ಇಲ್ಲ, ಎಎಲ್‌ಪಿ ಸಾವಿರದ ಮೇಲಿದೆ ಎಂದರೆ ದಾರಿ ತೆರೆದಿದೆ, ವೃಷಣವೇ ವೀರ್ಯಾಣು ಮಾಡುತ್ತಿಲ್ಲ. ಅಲ್ಲಿಗೆ ಹಣ ಸುರಿಯುವುದು ವ್ಯರ್ಥ. ನೂರರ ಕೆಳಗಿದ್ದರೆ ಎರಡು ಸಾಧ್ಯತೆ: ಕುದುರೆ ಸ್ಖಲಿಸಿಯೇ ಇಲ್ಲ, ಅಥವಾ ಎರಡೂ ಬದಿಯ ಆಂಪುಲ್ಲಾ (ವೀರ್ಯನಾಳದ ಕೊನೆಯ ದಪ್ಪ ಭಾಗ) ಕಟ್ಟಿಕೊಂಡಿದೆ. ಬಾಲ ಏರಿಳಿದಿದೆಯೇ, ಮೂತ್ರನಾಳದ ಕೆಳಭಾಗದಲ್ಲಿ ಕೈಗೆ ಮಿಡಿತ ಸಿಕ್ಕಿದೆಯೇ ನೋಡಿದರೆ ಮೊದಲನೆಯದು ತೀರ್ಮಾನವಾಗುತ್ತದೆ. ಒಂದೇ ಬದಿ ಕಟ್ಟಿದ್ದರೆ ಎಎಲ್‌ಪಿ ಚೆನ್ನಾಗಿಯೇ ಬರುತ್ತದೆ, ವೀರ್ಯಾಣು ಮಾತ್ರ ಕಡಿಮೆ. ಅಲ್ಲಿ ಈ ಪರೀಕ್ಷೆ ಉಪಯೋಗಕ್ಕೆ ಬಾರದು, ಸ್ಕ್ಯಾನ್ ಬೇಕು. ವೀರ್ಯವೇ ಹಳದಿ ಹೊಡೆದು ವಾಸನೆ ಬಂದರೆ ಮೂತ್ರ ಬೆರೆತಿದೆಯೇ ಎಂದು ಕ್ರಿಯಾಟಿನೈನ್ ಸಹ ಹಚ್ಚಿಸಿ.

ನಮ್ಮ ಕುದುರೆಯದು ಎರಡೂ ಬದಿ ಕಟ್ಟಿತ್ತು. ಬಹಳ ಕಾಲ ಕೆಲಸವಿಲ್ಲದೆ ಕಟ್ಟಿಹಾಕಿದ ಕುದುರೆಗಳಲ್ಲಿ ಇದು ಸಾಮಾನ್ಯ. ಬಿಡಿಸಲು ಗುದದ ಮೂಲಕ ಕೈಹಾಕಿ, ಮೂತ್ರಕೋಶದ ಕುತ್ತಿಗೆಯ ಮೇಲೆ ಬೆರಳು ದಪ್ಪಕ್ಕೆ ಸಿಗುವ ಎರಡು ಕೊಳವೆಗಳನ್ನು ಮುಂದಿನಿಂದ ಹಿಂದಕ್ಕೆ ನೀವಬೇಕು, ಒಂದೊಂದು ಬದಿಗೆ ಐದು ನಿಮಿಷದ ಹತ್ತಿರ. ಕುದುರೆ ನಿಲ್ಲಿಸುವ ಕಟ್ಟು, ಅಂದರೆ ಟ್ರಾವಿಸ್, ಗಟ್ಟಿ ಇರಲಿ, ಲದ್ದಿ ಪೂರ್ತಿ ತೆಗೆದಿರಲಿ, ಕೈಗೆ ಜಾರುವ ಜೆಲ್ ಧಾರಾಳವಾಗಿರಲಿ; ಗುದನಾಳ ಹರಿದರೆ ಕುದುರೆ ಉಳಿಯುವುದು ಕಷ್ಟ, ಆದ್ದರಿಂದ ಇದು ಕೈ ಪಳಗಿದ ಪಶುವೈದ್ಯರ ಕೆಲಸ. ಮಂಪರು ಬರಿಸಲು ಅಸೆಪ್ರೊಮಜೀನ್ ಬೇಡವೇ ಬೇಡ, ಶಿಶ್ನ ಜೋತುಬಿದ್ದು ಒಳಗೆ ಹೋಗದೆ ಉಳಿಯುವ ಅಪಾಯ ಗಂಡುಕುದುರೆಗೆ ಇದೆ. ನೀವಿದ ಮೇಲೆ ಆಕ್ಸಿಟೋಸಿನ್ 20 ಯೂನಿಟ್ ರಕ್ತನಾಳಕ್ಕೆ, ನಂತರ ಡಮ್ಮಿ (ಹತ್ತಲು ಇಟ್ಟ ಹೆಣ್ಣುಕುದುರೆಯ ಬದಲಿ ಗೊಂಬೆ). ನಡುವಿನ ಹೊತ್ತು ಎಷ್ಟು, ಹೆಣ್ಣನ್ನು ಯಾವಾಗ ತೋರಿಸಬೇಕು ಎಂಬುದು ನನ್ನ ಗುಟ್ಟು, ಅದನ್ನಿಲ್ಲಿ ಬಿಡಿಸುವುದಿಲ್ಲ. ಪ್ರೊಸ್ಟಗ್ಲಾಂಡಿನ್ ಕೂಡ ನೋಡಿದೆ: ಬೆವರು, ತೆಳು ಲದ್ದಿ, ಹತ್ತುವ ಮನಸ್ಸೇ ಇಲ್ಲ. ಬಿಟ್ಟೆ.

ದಿನಕ್ಕೊಂದರಂತೆ ಸಂಗ್ರಹಿಸುತ್ತ ಹೋದರೂ ಮೊದಲು ಏನೂ ಬರಲಿಲ್ಲ. ಎಲ್ಲರೂ ಕೈಬಿಡುವುದು ಇಲ್ಲೇ. ಆಮೇಲೆ ಒಂದು ದಿನ ಫಿಲ್ಟರ್ ಮೇಲೆ ಅಕ್ಕಿನುಚ್ಚಿನಷ್ಟು ಹಳದಿ ತುಣುಕುಗಳು ನಿಂತವು, ಬಾಟಲಿಯಲ್ಲಿ ಕೆನೆಯಂಥ ದಪ್ಪ ವೀರ್ಯ. ಎಎಲ್‌ಪಿ ಐವತ್ತರ ಆಸುಪಾಸಿನಿಂದ ಹತ್ತು ಸಾವಿರ ದಾಟಿತು. ಸ್ಲೈಡ್ ನೋಡಿ ಎದೆಗುಂದಬೇಡಿ: ತುಂಡಾದ ತಲೆಗಳು, ಒಂದೂ ಅಲುಗದು. ಅದು ಹಳೆಯ ದಾಸ್ತಾನು. ಅದೆಲ್ಲ ಖಾಲಿಯಾದ ಮೇಲೆ ಚಲನೆ ಶೇ. 65ರವರೆಗೂ ಏರಿತು.

ವೀರ್ಯವನ್ನು ತಂಪಿನಲ್ಲಿಟ್ಟು ಬೇರೆ ಕಡೆ ಕಳಿಸುವಾಗ ಇದೇ ಪ್ಲಾಸ್ಮಾ ಕಾಟ ಕೊಟ್ಟಿತು. ಪೂರ್ತಿ ಪ್ಲಾಸ್ಮಾ ಇಟ್ಟು ಎಕ್ಸ್‌ಟೆಂಡರ್ ಬೆರೆಸಿದರೆ 24 ಗಂಟೆಗೆ ಚಲನೆ ಶೇ. 20ಕ್ಕೆ ಕುಸಿಯುತ್ತಿತ್ತು. ಮೊದಲು ಒಂದಕ್ಕೊಂದು ಎಕ್ಸ್‌ಟೆಂಡರ್ ಬೆರೆಸಿ, ಸೆಂಟ್ರಿಫ್ಯೂಜ್‌ನಲ್ಲಿ 500 ಜಿ (ಗುರುತ್ವದ 500 ಪಟ್ಟು) ಬಲದಲ್ಲಿ ಹತ್ತು ನಿಮಿಷ ತಿರುಗಿಸಿ, ಮೇಲಿನದನ್ನು ಹೀರಿ, ಸುಮಾರು ಶೇ. 10 ಪ್ಲಾಸ್ಮಾ ಮಾತ್ರ ಉಳಿಸಿ, ಮಿಲಿಗೆ 5 ಕೋಟಿ ವೀರ್ಯಾಣು ಬರುವಂತೆ ಹೊಸ ಎಕ್ಸ್‌ಟೆಂಡರ್ ಹಾಕಿದರೆ ಶೇ. 45ರಿಂದ 50 ಉಳಿಯುತ್ತದೆ. ಪ್ಲಾಸ್ಮಾವನ್ನು ಪೂರ್ತಿ ತೆಗೆಯುವುದೂ ತರವಲ್ಲ. ಎಕ್ಸ್‌ಟೆಂಡರ್ 100 ಮಿಲಿಗೆ ಹಾಲಿನ ಪುಡಿ 2.4 ಗ್ರಾಂ, ಗ್ಲೂಕೋಸ್ 4.9 ಗ್ರಾಂ, ಜೊತೆಗೆ ಪೆನಿಸಿಲಿನ್ ಮತ್ತು ಸ್ಟ್ರೆಪ್ಟೊಮೈಸಿನ್. 20 ಡಿಗ್ರಿಯಿಂದ ಕೆಳಕ್ಕೆ ನಿಧಾನ ಇಳಿಸಿ, ಅಲ್ಲೇ ಪೊರೆ ಒಡೆಯುವುದು.

ಕುದುರೆಯ ವೀರ್ಯದ ಪ್ಲಾಸ್ಮಾದಲ್ಲಿ ಪೆರಾಕ್ಸೈಡ್ ಒಡೆಯುವ ಕಿಣ್ವ ಕ್ಯಾಟಲೇಸ್ ಕೂಡ ಇದೆ. ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡ್ ಒಂದು ಹನಿ ಬಿಟ್ಟರೆ ನೊರೆ ಏಳುತ್ತದೆ. ಇದರಿಂದ ಗುಣಮಟ್ಟ ಅಳೆಯಬಹುದೇ ಎಂದು ನೋಡಿದೆ. ಆಗದು. ರಕ್ತವೋ ಕೀವೋ ಚೂರು ಬೆರೆತಿದ್ದರೂ ಅದೇ ನೊರೆ. ಪ್ಲಾಸ್ಮಾ ತೆಗೆದಾಗ ಕಳೆದುಹೋದ ಕ್ಯಾಟಲೇಸ್ ತುಂಬಲು ಹೊರಗಿನ ಪುಡಿ ತರಿಸಿ ಬೆರೆಸಿದೆ. ಐದಾರು ಸಾವಿರ ಹೋಯಿತು, ಚಲನೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ.

ಒಟ್ಟು ಖರ್ಚು ನೆನಪಿದ್ದಂತೆ: ಹಳೆಯ ಸೆಮಿ ಆಟೋ ಅನಲೈಜರ್ ಐವತ್ತು ಸಾವಿರ ಚಿಲ್ಲರೆ, ಕಿಟ್ ಒಂದು ಸಾವಿರದೊಳಗೆ, ಪಿಪೆಟ್‌ಗಳು ಏಳೆಂಟು ಸಾವಿರ. ಯಂತ್ರ ಬೇಡವೆಂದರೆ ದುರ್ಬಲಗೊಳಿಸಿದ ಮಾದರಿಯನ್ನೇ ಲ್ಯಾಬ್‌ಗೆ ಒಯ್ದು ನೇರವಾಗಿ ನಡೆಸಿ ಎನ್ನಿ, ಗುಣಾಕಾರ ನೀವೇ ಮಾಡಿಕೊಳ್ಳಿ. ಸ್ಟಡ್ ಫಾರ್ಮ್‌ಗಳಲ್ಲಿ ರೇಸ್‌ಗಾಗಿ ಬೆಳೆಸುವ ಥರೋಬ್ರೆಡ್ ತಳಿಗೆ ಕೃತಕ ಗರ್ಭಧಾರಣೆಯ ಮರಿ ನೋಂದಣಿಯಾಗದು, ಅಲ್ಲಿ ವೀರ್ಯ ಕಳಿಸುವ ಮಾತೇ ಇಲ್ಲ. ಆದರೆ ಹತ್ತಿ ಇಳಿಯುವಾಗ ಶಿಶ್ನದಿಂದ ಸುರಿಯುವ ಕೊನೆಯ ಹನಿಗಳನ್ನು ಲೋಟದಲ್ಲಿ ಹಿಡಿದರೆ ಈ ಪರೀಕ್ಷೆಗೆ ಅಷ್ಟು ಸಾಕು. ಕಟ್ಟಿಕೊಂಡ ಇತಿಹಾಸವಿರುವ ಕುದುರೆಗೆ ಸೀಸನ್ ಇಲ್ಲದಾಗಲೂ ವಾರಕ್ಕೊಮ್ಮೆ ಸಂಗ್ರಹ ನಿಲ್ಲಿಸಬೇಡಿ, ಬಿಟ್ಟರೆ ಮತ್ತೆ ಕಟ್ಟುತ್ತದೆ.