ಮಂಡಿನೋವಿಗೆ ಮದ್ದು ಸೈಕಲ್ ಗೇರಿನಲ್ಲಿತ್ತು

ಸೈಕಲ್ ಸವಾರರ ಟೂರ್ ಆಫ್ ನೀಲಗಿರೀಸ್‌ಗೆ ಹೆಸರು ಕೊಟ್ಟಾಗಿನಿಂದ ಕಣ್ಣೆಲ್ಲ ಊಟಿಗೆ ಹತ್ತೋ ಕಲ್ಹಟ್ಟಿ ಘಾಟಿ ಮೇಲೆ. 36 ಹೇರ್‌ಪಿನ್ ತಿರುವು, ಕಾಲು ಊರದೆ ಹತ್ತಬೇಕು ಅನ್ನೋ ಹಟ. ಭಾನುವಾರ ನಸುಕಿಗೇ ನಂದಿ ಬೆಟ್ಟ. ಮೂರನೇ ವಾರಕ್ಕೆ ಬಲ ಮಂಡಿ ಹಿಡ್ಕೊಂಡು ಮನೆ ಮೆಟ್ಟಿಲು ಇಳಿಯೋದೂ ಕಷ್ಟವಾಯ್ತು. ತಾಲೀಮು ಸಾಲದು ಅಂತ ಇನ್ನಷ್ಟು ತುಳಿದೆ (ದಡ್ಡತನ!).

ಕೊನೆಗೆ ಏರಿನಲ್ಲಿ ಪೆಡಲ್ ಸುತ್ತು ಎಣಿಸಿದೆ: ನಿಮಿಷಕ್ಕೆ ಬರೀ 48. ಚೈನು ಕೂರುವ ಮುಂದಿನ ಹಲ್ಲುಚಕ್ರಕ್ಕೆ 34 ಹಲ್ಲು, ಹಿಂದಿನವುಗಳಲ್ಲಿ ದೊಡ್ಡದೆಂದರೆ 28. ಏರಿಗೆ ಈ ಗೇರು ಭಾರ. ಪ್ರತಿ ತುಳಿತದ ಭಾರವೂ ಮಂಡಿಗೆ. ತುಳಿತ ಹಗುರಾಗಲಿ ಅಂತ ಹಿಂದಕ್ಕೂ 34 ಹಲ್ಲು ಬರುವ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಹಾಕಿಸಿದೆ. ಚೈನನ್ನು ಚಕ್ರದಿಂದ ಚಕ್ರಕ್ಕೆ ದಾಟಿಸೋ ಹಳೇ ಡಿರೇಲರ್‌ಗೆ ಅದು ಹಿಡಿಸಲಿಲ್ಲ. ಉದ್ದ ಕೇಜಿನ (ಚೈನು ಬಿಗಿಹಿಡಿಯೋ ತೋಳಿನ) ಡಿರೇಲರ್, ಉದ್ದ ಚೈನು ಎರಡೂ ಬೇಕಾದವು. ಜೇಬಿಗೂ ಘಾಟಿ ಹತ್ತಿದ ಹಾಗಾಯ್ತು. ತಗ್ಗಿದ್ದ ಸೀಟನ್ನೂ ಒಂದು ಸೆಂ.ಮೀ. ಎತ್ತರಿಸಿದೆ.

ಈಗ ಅದೇ ಏರಿನಲ್ಲಿ 60 ಸುತ್ತು. ವೇಗ ಮೊದಲಿನಷ್ಟೇ, ಆದರೆ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯೋದು ತಪ್ಪಿದೆ.