ಗ್ರಾಮರ್ ಸ್ಕೂಲ್ ಆರಿಸುವ ಮುಂಚೆ ಸಿಕ್ಸ್ತ್ ಫಾರ್ಮಿನ ಲೆಕ್ಕ ನೋಡಿ

ಇಂಗ್ಲೆಂಡಿಗೆ ಬಂದು ಸ್ವಲ್ಪ ನೆಲೆಯಾದ ಕೂಡಲೇ ನಮ್ಮವರ ಮನೆಗಳಲ್ಲಿ ಒಂದೇ ಮಾತು: "ಯಾವ ಗ್ರಾಮರ್ ಸ್ಕೂಲ್ ಒಳ್ಳೇದು?" (ಗ್ರಾಮರ್ ಅಂದರೆ ಪರೀಕ್ಷೆ ಮಾಡಿ ಮಕ್ಕಳನ್ನು ಆರಿಸಿಕೊಳ್ಳುವ ಸರ್ಕಾರಿ ಸ್ಕೂಲ್.) ಉತ್ತರವೂ ಅಲ್ಲೇ ಸಿಗುತ್ತದೆ. "ಆ ಸ್ಕೂಲಿಂದ ಈ ಸಲ ಇಪ್ಪತ್ತೈದು ಮಕ್ಕಳು ಆಕ್ಸ್‌ಫರ್ಡ್, ಕೇಂಬ್ರಿಜ್‌ಗೆ ಹೋದರಂತೆ." ಅಷ್ಟು ಕೇಳಿದ್ದೇ ತಡ, ಆ ಊರಿನಲ್ಲಿ ಬಾಡಿಗೆ ಮನೆ ಹುಡುಕಲು ಶುರು. ಇಪ್ಪತ್ತೈದು ಎಷ್ಟರಲ್ಲಿ, ಆ ಮಕ್ಕಳು ಎಲ್ಲಿಂದ ಬಂದವರು ಎಂದು ಯಾರೂ ಕೇಳುವುದಿಲ್ಲ. ದಯವಿಟ್ಟು ಕೇಳಿ.

ಕಾಗದದ ಕೆಲಸ ಬೇಗ ಹೇಳಿಬಿಡುತ್ತೇನೆ. ಇಂಗ್ಲೆಂಡಿನಲ್ಲಿ ಇರುವುದು 163 ಗ್ರಾಮರ್ ಸ್ಕೂಲ್. ಫೀಸ್ ಇಲ್ಲ, ಡಿಪೆಂಡೆಂಟ್ ವೀಸಾದಲ್ಲಿರುವ ಮಕ್ಕಳೂ ಸೇರಬಹುದು. ಇಲೆವನ್ ಪ್ಲಸ್, ಅಂದರೆ ಹನ್ನೊಂದನೇ ವಯಸ್ಸಿಗೆ ಇಯರ್ 7 ಸೇರಲು ಬರೆಯುವ ಪ್ರವೇಶ ಪರೀಕ್ಷೆಗೆ ಸಾಮಾನ್ಯವಾಗಿ ಇಯರ್ 5ರ ಬೇಸಿಗೆಯಲ್ಲಿ ಹೆಸರು ಕೊಡಬೇಕು, ಪರೀಕ್ಷೆ ಇಯರ್ 6 ಶುರುವಾದಾಗ ಸೆಪ್ಟೆಂಬರ್‌ನಲ್ಲಿ. ಸ್ಥಳೀಯ ಕೌನ್ಸಿಲ್ ಫಾರಂ ಬೇರೆ ತುಂಬಬೇಕು, ಅದಕ್ಕೆ ಕೊನೆಯ ದಿನ ಅಕ್ಟೋಬರ್ 31. ಸೀಟು ಗೊತ್ತಾಗುವುದು ಮಾರ್ಚ್ 1ಕ್ಕೆ.

ಈಗ ಮುಖ್ಯ ವಿಷಯ. ಸಿಕ್ಸ್ತ್ ಫಾರ್ಮ್ ಅಂದರೆ ಇಯರ್ 12 ಮತ್ತು 13, ಎ ಲೆವೆಲ್ ಓದುವ ಎರಡು ವರ್ಷ. ನಮ್ಮ ಪಿಯುಸಿ ವಯಸ್ಸು. ಊರಿನಲ್ಲಿ ಫಲಿತಾಂಶ ಬಂದ ಮಾರನೇ ದಿನ ಪೇಪರ್ ತುಂಬ ಪಿಯು ಕಾಲೇಜುಗಳ ಜಾಹೀರಾತು, ಸರ್ಕಲ್‌ನಲ್ಲಿ ರ‍್ಯಾಂಕ್ ಬಂದವರ ಫೋಟೋ ನೋಡಿ ಬೆಳೆದವರು ನಾವು. ಎಸ್ಸೆಸ್ಸೆಲ್ಸಿಯಲ್ಲಿ ತೊಂಬತ್ತೈದು ಪರ್ಸೆಂಟ್ ತೆಗೆದವರನ್ನೇ ಆರಿಸಿಕೊಂಡ ಕಾಲೇಜು ಒಳ್ಳೆಯ ಫಲಿತಾಂಶ ತೋರಿಸಿದರೆ ಅದರಲ್ಲಿ ಕಾಲೇಜಿನ ಪಾಲು ಎಷ್ಟು ಎಂದು ಅಲ್ಲಿ ನಾವು ಕೇಳಲಿಲ್ಲ. ಇಲ್ಲೂ ಅದೇ ಪ್ರಶ್ನೆ ಇದೆ. ಹದಿನಾರನೇ ವಯಸ್ಸಿಗೆ ನಮ್ಮ ಎಸ್ಸೆಸ್ಸೆಲ್ಸಿ ಥರದ ಜಿಸಿಎಸ್‌ಇ ಪರೀಕ್ಷೆ ಮುಗಿದ ಮೇಲೆ ಬಹಳ ಗ್ರಾಮರ್ ಸ್ಕೂಲ್‌ಗಳು ಹೊರಗಿನ ಮಕ್ಕಳನ್ನು ಗ್ರೇಡ್ ನೋಡಿ ಸೇರಿಸಿಕೊಳ್ಳುತ್ತವೆ. ಹುಡುಗರ ಸ್ಕೂಲ್‌ಗಳಲ್ಲಿ ಕೆಲವು ಆಗ ಹುಡುಗಿಯರನ್ನೂ ತೆಗೆದುಕೊಳ್ಳುತ್ತವೆ; ಕಿಂಗ್‌ಸ್ಟನ್‌ನ ಟಿಫಿನ್ ಸ್ಕೂಲ್ ಹಾಗೆಯೇ. ಹಾಗಾಗಿ ಯೂನಿವರ್ಸಿಟಿ ಪಟ್ಟಿಯಲ್ಲಿರುವ ಎಷ್ಟೋ ಮಕ್ಕಳು ಆ ಸ್ಕೂಲಿನಲ್ಲಿ ಓದಿದ್ದು ಎರಡೇ ವರ್ಷ. ನೀವು ಹನ್ನೊಂದು ವರ್ಷದ ಮಗುವನ್ನು ಸೇರಿಸುವಾಗ ನೋಡಬೇಕಾದ್ದು ಏಳು ವರ್ಷದ ಕಥೆ.

ಲಂಡನ್ನಿನ ಈಸ್ಟ್ ಹ್ಯಾಮ್‌ನ ಬ್ರ್ಯಾಂಪ್ಟನ್ ಮ್ಯಾನರ್ ಸ್ಕೂಲ್ ನೋಡಿ. ಗ್ರಾಮರ್ ಅಲ್ಲ, ಇಲೆವನ್ ಪ್ಲಸ್ ಇಲ್ಲ. ಸಿಕ್ಸ್ತ್ ಫಾರ್ಮ್ ಶುರುವಾಗಿದ್ದೇ 2012ರಲ್ಲಿ. 2021ರಲ್ಲಿ ಅಲ್ಲಿನ 55 ಮಕ್ಕಳಿಗೆ ಆಕ್ಸ್‌ಫರ್ಡ್, ಕೇಂಬ್ರಿಜ್ ಆಫರ್ ಬಂತು, ಹೆಸರಾಂತ ಖಾಸಗಿ ಸ್ಕೂಲ್ ಈಟನ್‌ಗೆ 48. ಅದು ದೊಡ್ಡ ಸಾಧನೆ, ಆ ಮೇಷ್ಟ್ರುಗಳಿಗೆ ನನ್ನ ಗೌರವವಿದೆ. ಆದರೆ ಅಲ್ಲಿನ ಸಿಕ್ಸ್ತ್ ಫಾರ್ಮ್ ದೊಡ್ಡದು, ಬೇರೆ ಬೇರೆ ಸ್ಕೂಲ್‌ಗಳಿಂದ ಬಂದ ಒಳ್ಳೆಯ ಗ್ರೇಡಿನ ಮಕ್ಕಳು ಅಲ್ಲಿ ತುಂಬಾ ಇದ್ದಾರೆ. ಆ ಅಂಕಿ ನೋಡಿ ಇಯರ್ 7ರ ಪಾಠ ಹೇಗಿದೆ ಎಂದು ಹೇಳಲು ಆಗುವುದಿಲ್ಲ.

ಲೆಕ್ಕ ಹೀಗೆ ಮಾಡಿ. ವೆಬ್‌ಸೈಟಿನಲ್ಲಿ ಸಿಕ್ಸ್ತ್ ಫಾರ್ಮ್‌ನಲ್ಲಿ 600 ಮಕ್ಕಳು ಎಂದಿದ್ದರೆ ಅದು ಸಾಮಾನ್ಯವಾಗಿ ಎರಡು ವರ್ಷದವರು ಸೇರಿ. ಪ್ರತಿ ವರ್ಷ ಹೊರಗೆ ಬರುವವರು ಸುಮಾರು 300. ಅದರಲ್ಲಿ 25 ಅಂದರೆ ನೂರಕ್ಕೆ ಎಂಟು. ಇನ್ನೊಂದು ಸ್ಕೂಲಿನಲ್ಲಿ ವರ್ಷಕ್ಕೆ 110 ಮಕ್ಕಳು, 14 ಜನ ಹೋದರು ಅಂದುಕೊಳ್ಳಿ. ನೂರಕ್ಕೆ ಹನ್ನೆರಡಕ್ಕಿಂತ ಜಾಸ್ತಿ. ಬಾಯಿಮಾತಿನಲ್ಲಿ ಮೊದಲನೆಯದೇ ಗೆಲ್ಲುತ್ತದೆ, ಅಲ್ವಾ? ಒಂದೇ ವರ್ಷದ ಅಂಕಿಯನ್ನೂ ನಂಬಬೇಡಿ. ಹತ್ತು ಹದಿನೈದರ ಸಂಖ್ಯೆ ವರ್ಷ ವರ್ಷ ಏರುಪೇರಾಗುತ್ತದೆ. ಮೂರು ವರ್ಷದ್ದು ಒಟ್ಟಿಗೆ ನೋಡಿ.

ಆಫರ್ ಬೇರೆ, ಸೀಟು ಬೇರೆ. ಆಫರ್ ಬಂದ ಮೇಲೂ ಆಗಸ್ಟ್‌ನಲ್ಲಿ ಎ ಲೆವೆಲ್ ಗ್ರೇಡ್ ಬರಬೇಕು. ಮೆಡಿಕಲ್‌ನಲ್ಲಿ ಇದು ಇನ್ನೂ ಗೊಂದಲ. ಒಂದು ಮಗು ನಾಲ್ಕು ಮೆಡಿಕಲ್ ಸ್ಕೂಲ್‌ಗಳಿಗೆ ಅರ್ಜಿ ಹಾಕಬಹುದು, ನಾಲ್ಕರಿಂದಲೂ ಆಫರ್ ಬರಬಹುದು. ಸ್ಕೂಲ್ 40 ಮೆಡಿಕಲ್ ಆಫರ್ ಎಂದರೆ ಮಕ್ಕಳು ಹದಿನೈದೇ ಇರಬಹುದು. ಎಷ್ಟು ಮಕ್ಕಳು ಸೇರಿದರು ಎಂದು ಕೇಳಿ.

ಈ ಮಾಹಿತಿ ಗುಟ್ಟೇನಲ್ಲ. ಕೇಂಬ್ರಿಜ್ ಯಾವ ಸ್ಕೂಲಿನಿಂದ ಎಷ್ಟು ಅರ್ಜಿ, ಎಷ್ಟು ಆಫರ್, ಎಷ್ಟು ಸೀಟು ಎಂದು ಪ್ರತಿ ವರ್ಷ ಪ್ರಕಟಿಸುತ್ತದೆ. ಆಕ್ಸ್‌ಫರ್ಡ್ ಕೂಡ ಸ್ಕೂಲ್‌ವಾರು ಅಂಕಿ ಕೊಡುತ್ತದೆ. ಶಿಕ್ಷಣ ಇಲಾಖೆಯ ಸ್ಕೂಲ್ ಹೋಲಿಕೆಯ ವೆಬ್‌ಸೈಟಿನಲ್ಲಿ ಎ ಲೆವೆಲ್‌ನ ಪ್ರೋಗ್ರೆಸ್ ಸ್ಕೋರ್ ಇದ್ದರೆ ಅದನ್ನು ಮೊದಲು ನೋಡಿ. ಒಳಗೆ ಬಂದಾಗಿನ ಗ್ರೇಡಿಗೆ ಹೋಲಿಸಿ ಮಕ್ಕಳು ಎಷ್ಟು ಮುಂದೆ ಹೋದರು ಎಂದು ಅದು ಹೇಳುತ್ತದೆ. ಇನ್ನೂ ಬೇಕಾದರೆ ಗ್ರಾಮರ್ ಸ್ಕೂಲ್‌ಗಳು ಸರ್ಕಾರದ ದುಡ್ಡಿನಲ್ಲಿ ನಡೆಯುವುದರಿಂದ 2000ದ ಮಾಹಿತಿ ಸ್ವಾತಂತ್ರ್ಯ ಕಾಯ್ದೆಯಡಿ ಇಮೇಲ್‌ನಲ್ಲಿ ಕೇಳಬಹುದು. ನಮ್ಮಲ್ಲಿ ಆರ್‌ಟಿಐ ಹಾಕುವ ಹಾಗೆ. ಇಯರ್ 7ಕ್ಕೆ ಸೇರಿದವರಲ್ಲಿ ಎಷ್ಟು ಜನ ಇಯರ್ 13 ಅಲ್ಲೇ ಮುಗಿಸಿದರು? ನನಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದು.

ಯಾಕೆಂದರೆ ಐದು ವರ್ಷ ಓದಿದ ಸ್ಕೂಲಿನಲ್ಲೇ ಸಿಕ್ಸ್ತ್ ಫಾರ್ಮ್ ಸೀಟು ಸಿಗುತ್ತದೆ ಎಂಬ ಖಾತ್ರಿ ಇಲ್ಲ. ಒಳಗಿನ ಮಕ್ಕಳಿಗೂ ಗ್ರೇಡಿನ ಷರತ್ತು ಇರುತ್ತದೆ, ಅದು ಕಾನೂನಿಗೆ ವಿರುದ್ಧವಲ್ಲ. 2017ರಲ್ಲಿ ಆರ್ಪಿಂಗ್ಟನ್‌ನ ಸೇಂಟ್ ಓಲೇವ್ಸ್ ಗ್ರಾಮರ್ ಸ್ಕೂಲ್ ಇನ್ನೂ ಮುಂದೆ ಹೋಯಿತು. ಇಯರ್ 12ರಲ್ಲಿ ಬಿ ಗ್ರೇಡ್ ಬಾರದ ಮಕ್ಕಳನ್ನು ಇಯರ್ 13ಕ್ಕೆ ಬಿಡಲಿಲ್ಲ. ಅಪ್ಪ ಅಮ್ಮಂದಿರು ಕೋರ್ಟಿಗೆ ಹೊರಟಾಗ ಸ್ಕೂಲ್ ಹಿಂದೆ ಸರಿದು ಮಕ್ಕಳನ್ನು ವಾಪಸ್ ಸೇರಿಸಿಕೊಂಡಿತು. ಫಲಿತಾಂಶ ಚೆನ್ನಾಗಿ ಕಾಣಲಿ ಎಂದು ಹದಿನೇಳು ವರ್ಷದ ಮಗುವನ್ನು ಅರ್ಧದಲ್ಲಿ ಹೊರಗೆ ಕಳಿಸುವುದು ಯಾವ ನ್ಯಾಯ? ಇಯರ್ 12ರ ಸಂಖ್ಯೆ ಮತ್ತು ಮುಂದಿನ ವರ್ಷದ ಇಯರ್ 13ರ ಸಂಖ್ಯೆ ಪಕ್ಕಪಕ್ಕ ಇಟ್ಟು ನೋಡಿ. ತುಂಬಾ ಕಡಿಮೆಯಾಗಿದ್ದರೆ ಕಾರಣ ಕೇಳಲೇಬೇಕು.

ಹಾಗೆಂದು ಚಿಕ್ಕ ಸಿಕ್ಸ್ತ್ ಫಾರ್ಮ್ ಒಳ್ಳೆಯದು, ದೊಡ್ಡದು ಕೆಟ್ಟದ್ದು ಎಂದಲ್ಲ. ಮಕ್ಕಳ ಸಂಖ್ಯೆಯ ಮೇಲೆ ದುಡ್ಡು ಬರುತ್ತದೆ. ಚಿಕ್ಕದಾದರೆ ಮ್ಯೂಸಿಕ್, ಜರ್ಮನ್ ಥರದ ವಿಷಯಗಳು ನಿಂತುಹೋಗುವ ಭಯ ಇರುತ್ತದೆ. ಗಣಿತ ಇಷ್ಟಪಡುವ ಮಗುವಿಗೆ ಫರ್ದರ್ ಮ್ಯಾಥ್ಸ್ ಎಂಬ ಹೆಚ್ಚುವರಿ ಗಣಿತ ವಿಷಯ ಬೇಕೇಬೇಕು. ಅದರಲ್ಲಿ ಎಷ್ಟು ಮಕ್ಕಳಿದ್ದಾರೆ, ಎಷ್ಟು ಮೇಷ್ಟ್ರು ಎಂದು ಓಪನ್ ಈವ್ನಿಂಗ್‌ನಲ್ಲಿ ಕೇಳಿ. ಹೆಡ್‌ಟೀಚರ್ ಭಾಷಣಕ್ಕಿಂತ ಅಲ್ಲಿ ದಾರಿ ತೋರಿಸುವ ಇಯರ್ 12ರ ಹುಡುಗ ಹುಡುಗಿಯರ ಮಾತು ಉಪಯೋಗಕ್ಕೆ ಬರುತ್ತದೆ. "ನೀನು ಇಲ್ಲೇ ಇಯರ್ 7ರಿಂದ ಇದ್ದೀಯಾ?" ಎಂದು ಶುರು ಮಾಡಿ.

ವೀಸಾದಲ್ಲಿರುವವರು ಇದನ್ನು ಮರೆಯಬೇಡಿ: ಯೂನಿವರ್ಸಿಟಿ ಸೀಟು ಸಿಕ್ಕರೂ ಅಲ್ಲಿನ ಫೀಸು ಬೇರೆ ಲೆಕ್ಕ. ಸಾಮಾನ್ಯವಾಗಿ ಕೋರ್ಸ್ ಶುರುವಾಗುವ ಹೊತ್ತಿಗೆ ಮಗುವಿಗೆ ಐಎಲ್‌ಆರ್ (ಇಲ್ಲೇ ಶಾಶ್ವತವಾಗಿ ನೆಲೆಸುವ ಅನುಮತಿ) ಇರಬೇಕು, ಕೋರ್ಸಿಗೆ ಹಿಂದಿನ ಮೂರು ವರ್ಷ ಇಲ್ಲೇ ವಾಸವಿರಬೇಕು. ಆಗ 2025-26ರ ದರದಲ್ಲಿ ವರ್ಷಕ್ಕೆ 9,535 ಪೌಂಡ್. ಇಲ್ಲದಿದ್ದರೆ ಎಷ್ಟೋ ಕೋರ್ಸ್‌ಗಳಿಗೆ ಅದರ ಮೂರು ನಾಲ್ಕು ಪಟ್ಟು.

ನನ್ನನ್ನು ಕಾಡುವ ಮಾತೊಂದಿದೆ. ಶನಿವಾರದ ಕನ್ನಡ ತರಗತಿಗೆ ಚಿಕ್ಕ ಮಕ್ಕಳು ಬರುತ್ತಾರೆ. ಇಯರ್ 4 ಆಗುತ್ತಿದ್ದಂತೆ ಒಬ್ಬೊಬ್ಬರೇ ನಿಲ್ಲುತ್ತಾರೆ, ಟ್ಯೂಷನ್ ಅದೇ ಹೊತ್ತಿಗೆ. ಪರೀಕ್ಷೆ ಮುಗಿದ ಮೇಲೆ ಬರುತ್ತಾರೆ ಎನ್ನುತ್ತಾರೆ. ಬಂದವರನ್ನು ನಾನು ಕಂಡಿಲ್ಲ. ಅಷ್ಟರಲ್ಲಿ ಅಜ್ಜಿ ಫೋನ್ ಮಾಡಿದರೆ "ಊಟ ಆಯ್ತಾ" ಆದಮೇಲೆ ಮಾತು ಮುಂದೆ ಹೋಗುವುದಿಲ್ಲ. ಅಪ್ಪ ಅಮ್ಮನನ್ನು ಹಾಸನದಲ್ಲೋ ಧಾರವಾಡದಲ್ಲೋ ಬಿಟ್ಟು ಬಂದ ನೋವು ನಮ್ಮದು. ಬಂದದ್ದು ಸಾರ್ಥಕವಾಯಿತು ಎಂದು ತೋರಿಸುವ ಕೆಲಸವನ್ನು ಹತ್ತು ವರ್ಷದ ಮಗುವಿಗೆ ಕೊಡಬಾರದು. ದಿನಕ್ಕೆ ಮೂರು ಗಂಟೆ ರೈಲು ಬಸ್ಸಿನಲ್ಲಿ ಓಡಾಡುವ ಮಗುವಿಗೆ ಬೀದಿಯಲ್ಲಿ ಒಬ್ಬ ಗೆಳೆಯನೂ ಇರುವುದಿಲ್ಲ. ಸ್ಕೂಲಿನ ದೂರವನ್ನೂ ಅದೇ ಲೆಕ್ಕದ ಹಾಳೆಯಲ್ಲಿ ಬರೆದುಕೊಳ್ಳಿ.

ಎಂಟನೇ ಕ್ಲಾಸ್, ಒಂಬತ್ತನೇ ಕ್ಲಾಸ್ ಮುಗಿಸಿ ಬಂದ ಮಕ್ಕಳ ಅಪ್ಪ ಅಮ್ಮಂದಿರು ಇಲೆವನ್ ಪ್ಲಸ್ ತಪ್ಪಿಹೋಯಿತು ಎಂದು ಕೊರಗುತ್ತಾರೆ. ಬೇಡ. ಹೊರಗಿನವರನ್ನು ಸೇರಿಸಿಕೊಳ್ಳುವ ಅದೇ ಸಿಕ್ಸ್ತ್ ಫಾರ್ಮ್ ನಿಮ್ಮ ಮಗುವಿಗೆ ಬಾಗಿಲು. ಕೇಂಬ್ರಿಜ್‌ನ ಹಿಲ್ಸ್ ರೋಡ್‌ನಂಥ ಸಿಕ್ಸ್ತ್ ಫಾರ್ಮ್ ಕಾಲೇಜುಗಳಲ್ಲಿ ಕೆಳಗಿನ ತರಗತಿಗಳೇ ಇಲ್ಲ, ಎಲ್ಲರೂ ಹದಿನಾರಕ್ಕೆ ಹೊಸಬರಾಗಿಯೇ ಬರುತ್ತಾರೆ. ಇಯರ್ 11ರ ಚಳಿಗಾಲದಲ್ಲಿ ಎರಡು ಮೂರು ಕಡೆ ಅರ್ಜಿ ಹಾಕಿ. ಈಗಿರುವ ಸ್ಕೂಲಿನ ಸೀಟನ್ನೂ ಬಿಡಬೇಡಿ. ಆಗಸ್ಟ್‌ನಲ್ಲಿ ಜಿಸಿಎಸ್‌ಇ ಫಲಿತಾಂಶದ ದಿನ ಊರಿಗೆ ಟಿಕೆಟ್ ಮಾಡಿಸಬೇಡಿ; ಆವತ್ತೇ ಗ್ರೇಡ್ ಪಟ್ಟಿ ಹಿಡಿದು ಹೋಗಿ ಸೇರಿಸಬೇಕಾಗಬಹುದು.